ಆರ್. ಶಾಮಶಾಸ್ತ್ರಿಗಳ ಜೀವನ: ಮಾನಶಾಸ್ತ್ರದ ನೆಲೆಯಿಂದ ಒಂದು ಪರಿಶೀಲನೆ

1915ರಲ್ಲಿ ಬೆಂಗಳೂರಿನ ಸರ್ಕಾರಿ ಮುದ್ರಣಾಲಯದಿಂದ ಕೌಟಿಲ್ಯನ ಅರ್ಥಶಾಸ್ತ್ರದ ಇಂಗ್ಲಿಷ್ ಅನುವಾದ ಪುಸ್ತಕರೂಪದಲ್ಲಿ ಹೊರಬಂದಿತು. ಅದಕ್ಕೆ ಪೀಠಿಕೆಯ ಟಿಪ್ಪಣಿಯನ್ನು ಬರೆದವರು ಕನ್ನಡ ನಾಡಿನ ರಾಜಮನೆತನಗಳ ಚರಿತ್ರೆಯನ್ನು ಶಾಸನಗಳಿಂದ ಕಟ್ಟಿಕೊಟ್ಟ ಜೆ.ಎಫ್. ಫ್ಲೀಟ್. ಅನುವಾದಕರು ರುದ್ರಪಟ್ಟಣದ ಶಾಮಶಾಸ್ತ್ರಿಗಳು. ಆಗ ಅವರು ಬೆಂಗಳೂರಿನ ಚಾಮರಾಜೇಂದ್ರ ಸಂಸ್ಕೃತ ಕಾಲೇಜಿನ ಪ್ರಾಂಶುಪಾಲರಾಗಿದ್ದರು. ಈ ಅನುವಾದದಿಂದ ಪ್ರಪಂಚದ ವಿದ್ವಾಂಸರು ಮೊದಲು ಎತ್ತಿಕೊಂಡದ್ದು ರಾಜಮಂಡಲದ ಸಿದ್ಧಾಂತವನ್ನು, ಗೂಢಚಾರರ ವ್ಯವಸ್ಥೆಯನ್ನು, ಷಾಡ್ಗುಣ್ಯವನ್ನು. ಗ್ರಂಥದ ಎರಡನೆಯ ಅಧಿಕರಣವಾದ ಅಧ್ಯಕ್ಷಪ್ರಚಾರದ ನಡುವೆ ಇರುವ ಎರಡು ಅಧ್ಯಾಯಗಳನ್ನು, ಅಂದರೆ ತೂಕ ಮತ್ತು ಅಳತೆಗಳನ್ನು ಹೇಳುವ 19ನೆಯ ಅಧ್ಯಾಯವನ್ನೂ ದೇಶಕಾಲಮಾನಗಳನ್ನು ಹೇಳುವ 20ನೆಯ ಅಧ್ಯಾಯವನ್ನೂ, ಕೋಷ್ಟಕಗಳೆಂದು ಬಗೆದು ಪುಟ ತಿರುಗಿಸಿದವರೇ ಹೆಚ್ಚು. ಶಾಮಶಾಸ್ತ್ರಿಗಳ ವಿದ್ವತ್ತಿನ ಸ್ವರೂಪ ತಿಳಿಯಬೇಕಾದರೆ ಈ ಎರಡು ಅಧ್ಯಾಯಗಳ ಬಳಿಯೇ ನಿಲ್ಲಬೇಕಾಗುತ್ತದೆ. ಕಾಲವನ್ನು ಅಳೆಯುವ ಬಗೆಯನ್ನು ಕುರಿತು 1908ರಲ್ಲಿ ಒಂದು ಗ್ರಂಥವನ್ನೂ 1930ರ ದಶಕದಲ್ಲಿ ಮತ್ತೆ ಎರಡು ಗ್ರಂಥಗಳನ್ನೂ ಪ್ರಕಟಿಸಿದ ವಿದ್ವಾಂಸರು ಅವರು. ಹಸ್ತಪ್ರತಿಯ ಶೋಧಕ ಎಂಬ ಒಂದೇ ಬಿರುದಿನಲ್ಲಿ ಅವರನ್ನು ಮುಗಿಸಿಬಿಡುವ ರೂಢಿಯಿಂದ ಈ ಎಳೆ ಕಣ್ಮರೆಯಾಗಿದೆ.

ಶಾಮಶಾಸ್ತ್ರಿಗಳು ಜನಿಸಿದ್ದು 1868ರಲ್ಲಿ, ಹಾಸನ ಜಿಲ್ಲೆಯ ಅರಕಲಗೂಡು ಸೀಮೆಗೆ ಸೇರಿದ, ಕಾವೇರಿಯ ದಡದ ರುದ್ರಪಟ್ಟಣದಲ್ಲಿ. ಸಂಗೀತಗಾರರಿಗೂ ವೈದಿಕ ವಿದ್ವಾಂಸರಿಗೂ ಹೆಸರಾದ ಊರು ಅದು. ಮೊದಲ ಪಾಠಗಳು ಅಲ್ಲಿಯೇ ನಡೆದವು. ಅನಂತರ ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ಓದಿ ವಿದ್ವತ್ ಪದವಿಯನ್ನು ಪಡೆದರು. 1889ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಬಿ.ಎ. ಪದವಿಯೂ ದೊರೆಯಿತು. ವೇದ, ವೇದಾಂಗ, ಪ್ರಾಕೃತಗಳ ಜೊತೆಗೆ ಇಂಗ್ಲಿಷ್, ಜರ್ಮನ್, ಫ್ರೆಂಚ್ ಭಾಷೆಗಳ ಪರಿಚಯವನ್ನೂ ಅವರು ಸಂಪಾದಿಸಿಕೊಂಡಿದ್ದರು. ಪಾಠಶಾಲೆಯ ವಿದ್ವತ್ತು ಮತ್ತು ವಿಶ್ವವಿದ್ಯಾಲಯದ ಶಿಸ್ತು ಎರಡೂ ಒಬ್ಬನೇ ವ್ಯಕ್ತಿಯಲ್ಲಿ ಕೂಡಿದ್ದು ಆ ತಲೆಮಾರಿನ ಮೈಸೂರಿನಲ್ಲಿ ವಿರಳವಾಗಿರಲಿಲ್ಲ. ಆದರೆ ಅವೆರಡನ್ನೂ ಒಂದೇ ಓಲೆಗರಿಯ ಮೇಲೆ ಪ್ರಯೋಗಿಸುವ ಸಂದರ್ಭ ಎಲ್ಲರಿಗೂ ಒದಗಲಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಪ್ರೋತ್ಸಾಹದಿಂದ ಶಾಮಶಾಸ್ತ್ರಿಗಳು ಮೈಸೂರಿನ ಸರ್ಕಾರಿ ಓರಿಯಂಟಲ್ ಲೈಬ್ರರಿಯನ್ನು ಸೇರಿದರು. 1891ರಲ್ಲಿ ಸ್ಥಾಪಿತವಾದ ಈ ಸಂಸ್ಥೆ ನಾಡಿನ ಹಸ್ತಪ್ರತಿಗಳನ್ನು ಸಂಗ್ರಹಿಸಿ ಮುದ್ರಿಸುವ ಉದ್ದೇಶದಿಂದ ಹುಟ್ಟಿದ್ದು.

ಈ ಗ್ರಂಥಾಲಯಕ್ಕೆ ಬಂದ ಕಟ್ಟುಗಳಲ್ಲಿ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಕೊಟ್ಟ ಓಲೆಗರಿಯ ಕಟ್ಟೊಂದಿತ್ತು. ಗ್ರಂಥಲಿಪಿಯಲ್ಲಿದ್ದ ಅದರಲ್ಲಿ ಅರ್ಥಶಾಸ್ತ್ರದ ಮೂಲವೂ ಅದರ ಒಂದು ಭಾಗಕ್ಕೆ ಭಟ್ಟಸ್ವಾಮಿಯ ವ್ಯಾಖ್ಯಾನದ ತುಣುಕೂ ಇದ್ದವು. ಕೊಟ್ಟವರು ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು ಎಂಬಷ್ಟರಿಂದಲೇ ಚರಿತ್ರೆ ಅವರನ್ನು ಬಲ್ಲದು. ಇಷ್ಟು ದೊಡ್ಡ ಉಪಕಾರಕ್ಕೆ ಇಷ್ಟು ಚಿಕ್ಕ ಉಲ್ಲೇಖ. ಅಲ್ಲಿಯವರೆಗೆ ಕೌಟಿಲ್ಯನ ಗ್ರಂಥ ಹೆಸರಿನಿಂದ ಮಾತ್ರ ಪರಿಚಿತವಾಗಿತ್ತು. ದಂಡಿ, ಬಾಣರು ಅದನ್ನು ಸ್ಮರಿಸಿದ್ದರು. ಕಾಮಂದಕ ಅದನ್ನು ಆಧರಿಸಿ ನೀತಿಸಾರವನ್ನು ರಚಿಸಿದ್ದ. ಹತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ಕಾಲದ ಸೋಮದೇವಸೂರಿ ನೀತಿವಾಕ್ಯಾಮೃತದಲ್ಲಿ ಅದರ ವಿಚಾರಗಳನ್ನು ಹೇರಳವಾಗಿ ಬಳಸಿಕೊಂಡಿದ್ದ. ಕನ್ನಡ ನಾಡಿನ ವಿದ್ವತ್ ಪರಂಪರೆಯಲ್ಲಿ ಗ್ರಂಥದ ನೆರಳು ಉಳಿದಿತ್ತು, ಗ್ರಂಥ ಉಳಿದಿರಲಿಲ್ಲ. 1905ರಲ್ಲಿ ಶಾಮಶಾಸ್ತ್ರಿಗಳು ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಚಾಣಕ್ಯನ ಭೂಮಿ ಮತ್ತು ಕಂದಾಯದ ನೀತಿಯನ್ನು ಕುರಿತು ಬರೆದರು. ಅವರು ಮೊದಲು ಆರಿಸಿಕೊಂಡ ವಿಷಯ ಯುದ್ಧವಲ್ಲ, ಕೂಟನೀತಿಯಲ್ಲ. ಭೂಮಿ, ಧಾನ್ಯ, ತೆರಿಗೆ ಎಂಬುದು ಗಮನಾರ್ಹ. ಮುಂದಿನ ವರ್ಷಗಳಲ್ಲಿ ಅನುವಾದದ ಭಾಗಗಳು ಮೈಸೂರ್ ರಿವ್ಯೂ ಪತ್ರಿಕೆಯಲ್ಲಿ ಕಾಣಿಸಿಕೊಂಡವು. 1909ರಲ್ಲಿ ಓರಿಯಂಟಲ್ ಲೈಬ್ರರಿಯ ಸಂಸ್ಕೃತ ಗ್ರಂಥಮಾಲೆಯ 37ನೆಯ ಸಂಖ್ಯೆಯಾಗಿ ಮೂಲಪಾಠ ಪ್ರಕಟವಾಯಿತು.

ಮೂಲವನ್ನು ಮೊದಲ ಬಾರಿಗೆ ಸಂಪಾದಿಸುವವನಿಗೆ ಅರ್ಥವಾಗದ ಪದವನ್ನು ಬಿಟ್ಟು ಮುಂದೆ ಹೋಗುವ ಸ್ವಾತಂತ್ರ್ಯವಿಲ್ಲ. ರಾಜನೀತಿಯ ವಾಕ್ಯವೊಂದು ಸ್ವಲ್ಪ ಮಸುಕಾಗಿದ್ದರೂ ಮುಂದಿನ ವಾಕ್ಯ ಅದನ್ನು ಬೆಳಗಬಹುದು. ತೂಕದ ವಾಕ್ಯಕ್ಕೆ ಈ ಸೌಲಭ್ಯವಿಲ್ಲ: ಒಂದು ಸಂಖ್ಯೆ ತಪ್ಪಿದರೆ ಅದರ ಮೇಲೆ ಕಟ್ಟಿದ ಎಲ್ಲ ಸಂಖ್ಯೆಗಳೂ ತಪ್ಪುತ್ತವೆ. ಸುದೈವದಿಂದ ಭಟ್ಟಸ್ವಾಮಿಯ ವ್ಯಾಖ್ಯಾನ ಉಳಿದಿರುವುದು ಎರಡನೆಯ ಅಧಿಕರಣಕ್ಕೇ. ಅದು ಎಂಟನೆಯ ಅಧ್ಯಾಯದಿಂದ ಮುಂದಕ್ಕೆ ಸಾಗುತ್ತದೆ. ಆದ್ದರಿಂದ ಮಾನಗಳ ಅಧ್ಯಾಯಗಳಲ್ಲಿ ಸಂಪಾದಕರಿಗೆ ಒಬ್ಬ ಹಳೆಯ ಜೊತೆಗಾರನಿದ್ದ. ಅಧ್ಯಕ್ಷನ ಹೆಸರೇ ಒಂದು ಪಾಠಸಮಸ್ಯೆ. ಅರ್ಥಶಾಸ್ತ್ರ ಅವನನ್ನು ಪೌತವಾಧ್ಯಕ್ಷ ಎನ್ನುತ್ತದೆ. ಅಮರಕೋಶದಲ್ಲಿ ತೂಕದ ಮಾನಕ್ಕೆ ಇರುವ ಪದ ಯೌತವ. ನಾಗರಿಯಲ್ಲಿ ಪಕಾರ ಯಕಾರಗಳು ಎಷ್ಟು ಸಮೀಪವೆಂಬುದು ಹಸ್ತಪ್ರತಿಗಳನ್ನು ಓದಿದವರಿಗೆ ಗೊತ್ತು.

ಈ ಅಧ್ಯಾಯದಲ್ಲಿ ಇರುವುದೇನು ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬಹುದು. ತೂಕ ಆರಂಭವಾಗುವುದು ಕಾಳುಗಳಿಂದ. ಹತ್ತು ಉದ್ದಿನ ಕಾಳು ಅಥವಾ ಐದು ಗುಲಗಂಜಿಗೆ ಒಂದು ಸುವರ್ಣಮಾಷಕ. ಅಂಥ ಹದಿನಾರಕ್ಕೆ ಒಂದು ಸುವರ್ಣ ಅಥವಾ ಕರ್ಷ. ನಾಲ್ಕು ಕರ್ಷಕ್ಕೆ ಒಂದು ಪಲ. ಬೆಳ್ಳಿಯ ಲೆಕ್ಕ ಬೇರೆ: 88 ಬಿಳಿಸಾಸಿವೆಗೆ ಒಂದು ರೂಪ್ಯಮಾಷಕ, ಹದಿನಾರು ರೂಪ್ಯಮಾಷಕ ಅಥವಾ ಇಪ್ಪತ್ತು ಅವರೆಕಾಳಿಗೆ ಒಂದು ಧರಣ. ವಜ್ರಕ್ಕೆ ಇಪ್ಪತ್ತು ಅಕ್ಕಿಕಾಳಿನ ಧರಣ. ತೂಕದ ಕಲ್ಲುಗಳು ಕಬ್ಬಿಣದವಾಗಿರಬೇಕು, ಇಲ್ಲವೆ ಮಗಧ ಮತ್ತು ಮೇಕಲದ ಶಿಲೆಯವಾಗಿರಬೇಕು, ಇಲ್ಲವೆ ನೀರಿನಿಂದಲೂ ಲೇಪದಿಂದಲೂ ಹೆಚ್ಚದ, ಬಿಸಿಯಿಂದ ಕುಗ್ಗದ ವಸ್ತುವಿನವಾಗಿರಬೇಕು. ಅನಂತರ ತಕ್ಕಡಿಗಳು. ಆರು ಅಂಗುಲ ಉದ್ದದ ದಂಡದಿಂದ ತೊಡಗಿ ಎಂಟೆಂಟು ಅಂಗುಲ ಬೆಳೆಯುವ ಹತ್ತು ತಕ್ಕಡಿಗಳನ್ನು ಹೇಳಿ, ಆಮೇಲೆ ಸಮವೃತ್ತಾ ಎಂಬ ಬೇರೊಂದು ಬಗೆಯ ಸಾಧನವನ್ನು ವರ್ಣಿಸಲಾಗುತ್ತದೆ. ಇದರ ಉದ್ದ 72 ಅಂಗುಲ, ಲೋಹ 35 ಪಲ. ದಂಡದ ಮೇಲೆಯೇ ಕರ್ಷ, ಪಲ, ಹತ್ತು ಪಲ, ಹೀಗೆ ನೂರು ಪಲದವರೆಗೆ ಗುರುತುಗಳಿರುತ್ತವೆ. ಅಕ್ಷಗಳಲ್ಲಿ ನಾಂದಿಯ ಚಿಹ್ನೆ ಇರಬೇಕೆಂದು ಮೂಲ ಹೇಳುತ್ತದೆ. ಅಕ್ಷವೆಂದರೆ ಇಂದ್ರಿಯ, ಇಂದ್ರಿಯಗಳು ಐದು. ಆದ್ದರಿಂದ ಐದರ ಗುಣಕಗಳಲ್ಲಿ ವಿಶೇಷ ಗುರುತು ಎಂದು ಇದನ್ನು ತಿಳಿಯಲಾಗುತ್ತದೆ. ಶಬ್ದಾರ್ಥ ಗೊತ್ತಿದ್ದರೆ ಸಾಲದು, ಸಂಖ್ಯಾಸಂಕೇತದ ಪರಂಪರೆಯೂ ಗೊತ್ತಿರಬೇಕು ಎಂಬುದಕ್ಕೆ ಇಂಥ ಸ್ಥಳಗಳು ನಿದರ್ಶನ. ಛಂದಶ್ಶಾಸ್ತ್ರ, ಜ್ಯೋತಿಷಗಳನ್ನು ಬಾಯಿಪಾಠದಲ್ಲಿ ಕಲಿತ ಪಂಡಿತನಿಗೆ ಇದು ಸಹಜವಾಗಿ ಹೊಳೆಯುವಂಥದು. ಕೇವಲ ನಿಘಂಟನ್ನು ನೆಚ್ಚಿದವನು ಅಕ್ಷವನ್ನು ಅಚ್ಚು ಎಂದು ಓದಿ ತಕ್ಕಡಿಯ ಭಾಗವನ್ನು ಹುಡುಕುತ್ತ ಕೂರಬಹುದು.

ಆದರೆ ಅಧ್ಯಾಯದ ನಿಜವಾದ ತಿರುಳು ಇರುವುದು ಅಳತೆಗಳ ನಾಲ್ಕು ಶ್ರೇಣಿಗಳಲ್ಲಿ. ರಾಜಾದಾಯಕ್ಕೆ ಬಳಸುವ ದ್ರೋಣ 200 ಪಲ ಉದ್ದು ಹಿಡಿಯುವಂಥದು. ವ್ಯವಹಾರದ ದ್ರೋಣ 187½ ಪಲ. ಸೇವಕರಿಗೆ ಕೊಡುವಾಗ ಬಳಸುವ ದ್ರೋಣ 175 ಪಲ. ಅಂತಃಪುರಕ್ಕೆ ಕೊಡುವುದು 162½ ಪಲದ್ದು. ತೂಕದ ತುಲೆಯಲ್ಲಿಯೂ ಇದೇ ಕ್ರಮ: 100, 95, 90, 85 ಪಲ. ನಾಲ್ಕಕ್ಕೂ ಹೆಸರು ಒಂದೇ. ರೈತನಿಂದ ಒಂದು ದ್ರೋಣ ಪಡೆದು ಆಳಿಗೆ ಒಂದು ದ್ರೋಣ ಕೊಟ್ಟರೆ ಲೆಕ್ಕದ ಪುಸ್ತಕದಲ್ಲಿ ಎರಡೂ ಸರಿಹೋಗುತ್ತವೆ. ಉಗ್ರಾಣದಲ್ಲಿ ಮಾತ್ರ 25 ಪಲ, ಅಂದರೆ ಎಂಟರಲ್ಲಿ ಒಂದು ಭಾಗ, ಉಳಿದಿರುತ್ತದೆ. ತೆರಿಗೆಯ ದರವನ್ನು ಮುಟ್ಟದೆ ಅಳತೆಯ ಪಾತ್ರೆಯನ್ನೇ ಹಿಗ್ಗಿಸಿ ಕುಗ್ಗಿಸುವ ಈ ವಿಧಾನ ಆರ್ಥಿಕ ಚರಿತ್ರೆಯ ದೃಷ್ಟಿಯಿಂದ ಷಾಡ್ಗುಣ್ಯಕ್ಕಿಂತ ಕಡಿಮೆ ಮಹತ್ವದ್ದಲ್ಲ. ಅದೇ ಪೌತವಾಧ್ಯಕ್ಷ ಮಾರುಕಟ್ಟೆಯ ವರ್ತಕರ ತೂಕಗಳಿಗೆ ನಾಲ್ಕು ತಿಂಗಳಿಗೊಮ್ಮೆ ಮುದ್ರೆಯೊತ್ತಿಸಬೇಕು. ಮುದ್ರೆಯಿಲ್ಲದ ತೂಕಕ್ಕೆ 27¼ ಪಣ ದಂಡ. ತುಪ್ಪ ಮಾರುವವನು ಮೂವತ್ತೆರಡನೆಯ ಒಂದು ಭಾಗವನ್ನೂ ಎಣ್ಣೆ ಮಾರುವವನು ಅರವತ್ತನಾಲ್ಕನೆಯ ಒಂದು ಭಾಗವನ್ನೂ ಬಿಸಿಯಿಂದಾಗುವ ವ್ಯತ್ಯಾಸಕ್ಕಾಗಿ ಹೆಚ್ಚಾಗಿ ಕೊಡಬೇಕು. ಪಾತ್ರೆಗೆ ಅಂಟಿ ಉಳಿಯುವ ದ್ರವಕ್ಕೂ ಐವತ್ತನೆಯ ಒಂದು ಭಾಗದ ಪರಿಹಾರವಿದೆ. ವರ್ತಕನ ಪಾತ್ರೆಗೆ ಇಷ್ಟು ಸೂಕ್ಷ್ಮವಾದ ಕಣ್ಣು, ಅರಮನೆಯ ಪಾತ್ರೆಗೆ ಬೇರೆಯೇ ಕಣ್ಣು. ಈ ವೈಷಮ್ಯವನ್ನು ಗ್ರಂಥ ಮುಚ್ಚಿಡುವುದಿಲ್ಲ, ಸಮರ್ಥಿಸುವುದೂ ಇಲ್ಲ. ಸುಮ್ಮನೆ ಕೋಷ್ಟಕದಲ್ಲಿ ಇಡುತ್ತದೆ.

ಕಾಳುಗಳ ಲೆಕ್ಕ ಸಂಪಾದಕರನ್ನು ಕಾಡುವಂಥದು. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಆರು ಬಿಳಿಸಾಸಿವೆಗೆ ಒಂದು ಯವ, ಮೂರು ಯವಕ್ಕೆ ಒಂದು ಗುಲಗಂಜಿ, ಎರಡು ಗುಲಗಂಜಿಗೆ ಒಂದು ರೂಪ್ಯಮಾಷಕ. ಅಂದರೆ ರೂಪ್ಯಮಾಷಕಕ್ಕೆ 36 ಸಾಸಿವೆ. ಕೌಟಿಲ್ಯನಲ್ಲಿ ಅದು 88. ಧರಣದ ಮಟ್ಟದಲ್ಲಿ ಒಂದೆಡೆ 576, ಇನ್ನೊಂದೆಡೆ 1408. ಇಷ್ಟಾದರೂ ಗುಲಗಂಜಿಯ ಕಡೆಯಿಂದ ನೋಡಿದರೆ ಎರಡೂ ಗ್ರಂಥಗಳು ಒಂದೇ ಕಡೆಗೆ ಬರುತ್ತವೆ: ಕೌಟಿಲ್ಯನ ಪಲ 320 ಗುಲಗಂಜಿ, ಹತ್ತು ಧರಣಕ್ಕೆ ಒಂದು ಪಲ, ಆದ್ದರಿಂದ ಧರಣ 32 ಗುಲಗಂಜಿ, ಮನುವಿನ ಬೆಳ್ಳಿಯ ಧರಣವೂ 32 ಗುಲಗಂಜಿ. ಸಾಸಿವೆಯ ಸಂಖ್ಯೆಯೇ ಅಳತೆಯ ಆಧಾರವಾಗಿದ್ದರೆ ಇಂಥ ಭೇದ ಉಳಿಯುತ್ತಿರಲಿಲ್ಲ. ವ್ಯವಹಾರದಲ್ಲಿ ನೆಲೆನಿಂತದ್ದು ಗುಲಗಂಜಿ; ಸಾಸಿವೆ, ಲಿಕ್ಷೆ, ತ್ರಸರೇಣುಗಳು ಶಾಸ್ತ್ರಕಾರರು ಕೆಳಮುಖವಾಗಿ ಹೆಣೆದ ಸರಣಿ ಎಂದು ಭಾವಿಸುವುದು ಹೆಚ್ಚು ಯುಕ್ತ. ಕನ್ನಡ ನಾಡಿನ ಅಕ್ಕಸಾಲಿಗರ ತಕ್ಕಡಿಯಲ್ಲಿ ತಲೆಮಾರುಗಳ ಕಾಲ ಉಳಿದು ಬಂದದ್ದೂ ಗುಲಗಂಜಿಯೇ. ಎರಡು ಗ್ರಂಥಗಳ ಸಂಖ್ಯೆ ಬೇರೆಯಾದಾಗ ಒಂದನ್ನು ತಿದ್ದಿ ಇನ್ನೊಂದಕ್ಕೆ ಹೊಂದಿಸುವುದು ಸಂಪಾದಕನಿಗೆ ಒದಗುವ ಸುಲಭದ ಆಮಿಷ. ಶಾಮಶಾಸ್ತ್ರಿಗಳ ಪಾಠದಲ್ಲಿ 88 ಎಂಬುದು 88 ಆಗಿಯೇ ನಿಂತಿತು.

1912ರಲ್ಲಿ ಅವರು ಚಾಮರಾಜೇಂದ್ರ ಸಂಸ್ಕೃತ ಕಾಲೇಜಿನ ಪ್ರಾಂಶುಪಾಲರಾಗಿ ಬೆಂಗಳೂರಿಗೆ ಬಂದರು, 1918ರವರೆಗೆ ಇಲ್ಲಿದ್ದರು. ಕಾಲೇಜು ಇರುವ ಚಾಮರಾಜಪೇಟೆ ಹಳೆಯ ಕೋಟೆಯ ಪಕ್ಕದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ರೂಪುಗೊಂಡ ಬಡಾವಣೆ. ಅದರ ಉತ್ತರಕ್ಕೆ, ಇಂದು ಮೆಜೆಸ್ಟಿಕ್ ಎಂಬ ಹೆಸರಿನಿಂದ ಕರೆಯುವ ಪ್ರದೇಶದಲ್ಲಿ, ಧರ್ಮಾಂಬುಧಿ ಕೆರೆಯ ಅಂಗಳವಿತ್ತು. ಅದರ ಆಚೆ ರೈಲು ನಿಲ್ದಾಣ, ಈಚೆ ಹಳೆಯ ಪೇಟೆ. ಮೆಜೆಸ್ಟಿಕ್ ಎಂಬ ಹೆಸರನ್ನು ಒಂದು ಚಿತ್ರಮಂದಿರ ಆ ಪ್ರದೇಶಕ್ಕೆ ಕೊಟ್ಟದ್ದು ಆಮೇಲಿನ ಮಾತು. ಕೆರೆಯಂಗಳದಿಂದ ಚಾಮರಾಜಪೇಟೆಯವರೆಗೆ ಹಬ್ಬಿದ ಈ ಪೇಟೆಯ ಬೀದಿಗಳ ಹೆಸರುಗಳೇ ಪಣ್ಯಗಳ ಹೆಸರುಗಳು: ಅಕ್ಕಿಪೇಟೆ, ಅರಳೇಪೇಟೆ, ಬಳೇಪೇಟೆ, ತರಗುಪೇಟೆ. ಅಲ್ಲಿ ಧಾನ್ಯ ಕೊಳಗ, ಬಳ್ಳಗಳಲ್ಲಿ ಅಳೆಯಲ್ಪಡುತ್ತಿತ್ತು. ಬೆಲ್ಲ, ಹುಣಸೆ, ಎಣ್ಣೆಗಳು ಮಣ, ಸೇರುಗಳಲ್ಲಿ. ಚಿನ್ನಬೆಳ್ಳಿಗಳು ತೊಲ, ಗುಲಗಂಜಿಗಳಲ್ಲಿ. 24 ತೊಲದ ಕಚ್ಚಾ ಸೇರು ಒಂದು, ಅದರ ಮೂರು ಪಟ್ಟಿಗೂ ಮಿಗಿಲಾದ ಪಕ್ಕಾ ಸೇರು ಇನ್ನೊಂದು. ಒಂದೇ ಹೆಸರಿನ ಎರಡು ಮಾನಗಳು ಒಂದೇ ಬೀದಿಯಲ್ಲಿ ಬಳಕೆಯಲ್ಲಿದ್ದ ನಗರದಲ್ಲಿಯೇ ನಾಲ್ಕು ದ್ರೋಣಗಳ ಅಧ್ಯಾಯ ಇಂಗ್ಲಿಷಿನಲ್ಲಿ ಅಚ್ಚಾಯಿತು. 1956ರ ಕಾನೂನಿನಿಂದ ದಶಮಾನ ಪದ್ಧತಿ ಬಂದ ಮೇಲೆ ಓದುತ್ತಿರುವವರಿಗೆ ಈ ನಾಲ್ಕು ಶ್ರೇಣಿಗಳು ವಿಚಿತ್ರವೆನಿಸಬಹುದು. 1915ರ ಬೆಂಗಳೂರಿನ ಓದುಗನಿಗೆ ಹಾಗೆನಿಸಲು ಕಾರಣವಿರಲಿಲ್ಲ.

ಶಾಮಶಾಸ್ತ್ರಿಗಳು ಬೆಂಗಳೂರಿಗೆ ಬಂದ 1912ರಲ್ಲಿಯೇ ಮದ್ರಾಸಿನಲ್ಲಿ ಎಂ. ರಂಗಾಚಾರ್ಯರು ಮಹಾವೀರಾಚಾರ್ಯನ ಗಣಿತಸಾರಸಂಗ್ರಹವನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಅಮೋಘವರ್ಷ ನೃಪತುಂಗನ ಕಾಲದ ಈ ಗಣಿತಗ್ರಂಥದ ಮೊದಲ ಅಧ್ಯಾಯ ಕ್ಷೇತ್ರ, ಕಾಲ, ಧಾನ್ಯ, ಸುವರ್ಣ, ರಜತ, ಲೋಹಗಳ ಪರಿಭಾಷೆಗೆ ಮೀಸಲು. ಹನ್ನೆರಡನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲಿಯೇ ವ್ಯವಹಾರಗಣಿತವನ್ನು ರಚಿಸಿದ. ಆರ್. ನರಸಿಂಹಾಚಾರ್ಯರ ಕವಿಚರಿತೆಯಿಂದ ಅವನ ಪರಿಚಯ ಕನ್ನಡಿಗರಿಗೆ ಆಗಿತ್ತು. ಅರ್ಥಶಾಸ್ತ್ರದ ಮಾನಗಳೊಡನೆ ಈ ಎರಡು ಗ್ರಂಥಗಳ ಮಾನಗಳನ್ನು ಹೋಲಿಸಿ ಕನ್ನಡದಲ್ಲಿ ಒಂದು ವ್ಯವಸ್ಥಿತ ಅಧ್ಯಯನ ನಡೆಯುವುದಕ್ಕೆ ಬೇಕಾದ ಸಾಮಗ್ರಿ 1915ರ ವೇಳೆಗೇ ಮುದ್ರಣದಲ್ಲಿ ಸೇರತೊಡಗಿತ್ತು ಎಂಬುದನ್ನು ನೆನೆಯಬೇಕು.

ಪಶ್ಚಿಮದಲ್ಲಿ ಮಾನಗಳ ಅಧ್ಯಯನ ಆ ಹೊತ್ತಿಗೆ ಸ್ವತಂತ್ರ ಶಾಸ್ತ್ರವಾಗಿ ಬೆಳೆದಿತ್ತು. ಜರ್ಮನಿಯ ಬೋಕ್ 1838ರಲ್ಲಿ ಪ್ರಾಚೀನ ಮಾನಗಳನ್ನು ಕುರಿತು ಬರೆದಿದ್ದ. ಹುಲ್ಟ್ಷ್ 1864ರಿಂದ 1866ರವರೆಗೆ ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳ ಮಾನಲೇಖಕರ ಉಳಿದ ಬರಹಗಳನ್ನು ಒಟ್ಟುಗೂಡಿಸಿದ್ದ. ಇದಕ್ಕಿಂತ ಕುತೂಹಲಕಾರಿಯಾದ ಸಾಮ್ಯವೊಂದಿದೆ. ಅರಿಸ್ಟಾಟಲನ ಹೆಸರಿನಲ್ಲಿರುವ ಅಥೆನ್ಸಿನ ರಾಜ್ಯವ್ಯವಸ್ಥೆ ಎಂಬ ಗ್ರಂಥವೂ ಶತಮಾನಗಳ ಕಾಲ ಉದ್ಧರಣೆಗಳಲ್ಲಿ ಮಾತ್ರ ಉಳಿದಿತ್ತು. ಈಜಿಪ್ಟಿನ ಪಪೈರಸ್ ಸುರುಳಿಗಳಿಂದ ಅದನ್ನು ಕೆನ್ಯನ್ ಪ್ರಕಟಿಸಿದ್ದು 1891ರಲ್ಲಿ, ಮೈಸೂರಿನ ಗ್ರಂಥಾಲಯ ಆರಂಭವಾದ ವರ್ಷದಲ್ಲಿ. ಆ ಗ್ರಂಥ ಸೋಲನ್ ತೂಕ, ಅಳತೆ, ನಾಣ್ಯಗಳನ್ನು ಬದಲಿಸಿದ್ದನ್ನು ಹೇಳುತ್ತದೆ. 70 ದ್ರಾಕ್ಮಾದ ಮೀನಾ 100 ದ್ರಾಕ್ಮಾದ್ದಾಯಿತೆಂಬ ಅದರ ಮಾತು ಇಂದಿಗೂ ಚರ್ಚೆಯಲ್ಲಿದೆ. ಚೀಟಿಯೆತ್ತಿ ಆರಿಸಿದ ಹತ್ತು ಮಂದಿ ಮಾನಾಧಿಕಾರಿಗಳನ್ನೂ ಅದು ಉಲ್ಲೇಖಿಸುತ್ತದೆ: ಐವರು ನಗರಕ್ಕೆ, ಐವರು ಬಂದರಿಗೆ. ಅಥೆನ್ಸಿನ ಮಾರುಕಟ್ಟೆಯ ಉತ್ಖನನದಲ್ಲಿ ಸಾರ್ವಜನಿಕ ಮುದ್ರೆಯನ್ನು ಹೊತ್ತ ಅಳತೆಯ ಪಾತ್ರೆಗಳು ದೊರೆತಿವೆ. ಎರಡು ಕಳೆದುಹೋದ ಗ್ರಂಥಗಳು ಹದಿನಾಲ್ಕು ವರ್ಷಗಳ ಅಂತರದಲ್ಲಿ ವಿದ್ವತ್ ಲೋಕಕ್ಕೆ ಮರಳಿದವು. ಎರಡೂ ಮಾರುಕಟ್ಟೆಯ ತಕ್ಕಡಿಯ ಪಕ್ಕದಲ್ಲಿ ರಾಜ್ಯದ ಅಧಿಕಾರಿಯನ್ನು ನಿಲ್ಲಿಸುತ್ತವೆ. ಅಥೆನ್ಸಿನ ಅಧಿಕಾರಿ ಪೌರರ ನಡುವಿನಿಂದ ಚೀಟಿಯ ಮೂಲಕ ಬಂದವನು, ಪೌತವಾಧ್ಯಕ್ಷ ಅರಸನ ನೌಕರ. ಅರಮನೆಗೊಂದು, ಆಳಿಗೊಂದು ಎಂಬ ಅಳತೆಯ ಶ್ರೇಣಿ ಅಥೆನ್ಸಿನ ಆ ಗ್ರಂಥದಲ್ಲಿ ಇಲ್ಲ.

ಗ್ರೀಕರ ಸಾಕ್ಷ್ಯ ಶಾಮಶಾಸ್ತ್ರಿಗಳ ಗ್ರಂಥವನ್ನು ನೇರವಾಗಿ ಮುಟ್ಟುವುದು ಮೆಗಸ್ತನೀಸನ ಮೂಲಕ. ಸ್ಟ್ರೇಬೊ ಉಳಿಸಿರುವ ಭಾಗದಲ್ಲಿ ನಗರಾಧಿಕಾರಿಗಳು ಐದೈದು ಮಂದಿಯ ಆರು ಮಂಡಲಿಗಳಾಗಿ ಕೆಲಸ ಮಾಡುತ್ತಾರೆ. ನಾಲ್ಕನೆಯದು ವ್ಯಾಪಾರ, ತೂಕ ಮತ್ತು ಅಳತೆಗಳನ್ನು ನೋಡಿಕೊಳ್ಳುತ್ತದೆ. ಕೌಟಿಲ್ಯನಲ್ಲಿ ಮಂಡಲಿಗಳ ಸುಳಿವಿಲ್ಲ, ಒಬ್ಬ ಅಧ್ಯಕ್ಷನಿದ್ದಾನೆ. 1921ರಲ್ಲಿ ಓಟ್ಟೋ ಸ್ಟೈನ್ ಇಂಥ ಭೇದಗಳನ್ನೆಲ್ಲ ಪಟ್ಟಿಮಾಡಿ ಇಬ್ಬರೂ ಒಂದೇ ಕಾಲದವರೆಂಬ ನಂಬಿಕೆಯನ್ನು ಪ್ರಶ್ನಿಸಿದ. ಗ್ರಂಥ ಮೌರ್ಯರ ಕಾಲದ್ದೇ ಎಂಬ ಶಾಮಶಾಸ್ತ್ರಿಗಳ ನಿಲುವು ಇಂದು ಮೊದಲಿನಷ್ಟು ಗಟ್ಟಿಯಾಗಿ ಉಳಿದಿಲ್ಲ. ಟ್ರೌಟ್ಮನ್ 1971ರಲ್ಲಿ ಶೈಲಿಯ ಸಂಖ್ಯಾಶಾಸ್ತ್ರೀಯ ಪರಿಶೀಲನೆಯಿಂದ ಹಲವರ ಕೈವಾಡವನ್ನು ತೋರಿಸಿದರು. 2013ರಲ್ಲಿ ಹೊಸ ಅನುವಾದವನ್ನು ಪ್ರಕಟಿಸಿದ ಆಲಿವೆಲ್ ಅದನ್ನು ಮೌರ್ಯೋತ್ತರ ಕಾಲಕ್ಕೆ ತಂದರು. ಕಾಲನಿರ್ಣಯದಲ್ಲಿ ಮೊದಲ ಸಂಪಾದಕರ ಮಾತು ಬಿದ್ದುಹೋದರೂ ಪಾಠವನ್ನು ಓದಿದ ಕೆಲಸ ಬೀಳುವುದಿಲ್ಲ. ಈ ಎರಡನ್ನೂ ಬೆರೆಸಿ, ಒಂದರ ದೋಷದಿಂದ ಇನ್ನೊಂದನ್ನು ಅಳೆಯುವುದು ನ್ಯಾಯವಲ್ಲ.

ಪಾಠದ ಕೆಲಸವನ್ನು ಅವರು 1909ಕ್ಕೇ ಕೈಬಿಟ್ಟವರೂ ಅಲ್ಲ. 1919ರಲ್ಲಿ ಪರಿಷ್ಕೃತ ಆವೃತ್ತಿ ಬಂದಿತು. ಬೇರೆ ಹಸ್ತಪ್ರತಿಗಳು ದೊರೆತ ಮೇಲೆ ಲಾಹೋರಿನಿಂದ ಯೋಲಿ ಮತ್ತು ಶ್ಮಿಟ್, ತಿರುವನಂತಪುರದಿಂದ ಗಣಪತಿಶಾಸ್ತ್ರಿಗಳು 1923ರಿಂದ 1925ರ ಅವಧಿಯಲ್ಲಿ ತಮ್ಮ ಆವೃತ್ತಿಗಳನ್ನು ಹೊರತಂದು ಅನೇಕ ಕಡೆ ಮೈಸೂರಿನ ಪಾಠವನ್ನು ತಿದ್ದಿದರು. ಅದೇ ಹೊತ್ತಿಗೆ, 1924 ಮತ್ತು 1925ರಲ್ಲಿ, ಶಾಮಶಾಸ್ತ್ರಿಗಳು ಪ್ರಕಟಿತ ಪಾಠಗಳೆಲ್ಲಕ್ಕೂ ಅನ್ವಯಿಸುವ ಪದಸೂಚಿಯನ್ನು ಮೂರು ಸಂಪುಟಗಳಲ್ಲಿ ಪ್ರಕಟಿಸಿದರು. ತಮ್ಮದಲ್ಲದ ಆವೃತ್ತಿಗಳನ್ನೂ ಸೇರಿಸಿಕೊಂಡು ಸೂಚಿ ಸಿದ್ಧಪಡಿಸುವ ಕೆಲಸದಲ್ಲಿ ಕೀರ್ತಿ ಕಡಿಮೆ, ಶ್ರಮ ಹೆಚ್ಚು. 1960ರ ದಶಕದಲ್ಲಿ ಮುಂಬಯಿಯಲ್ಲಿ ಕಾಂಗ್ಲೆ ಅವರ ವಿಮರ್ಶಾತ್ಮಕ ಆವೃತ್ತಿ ಬರುವವರೆಗೆ ಅರ್ಥಶಾಸ್ತ್ರದ ಪದಾಧ್ಯಯನಕ್ಕೆ ಅದು ಆಧಾರವಾಗಿತ್ತು. ಮೈಸೂರಿನ ಮಹಾರಾಜರು ಜರ್ಮನಿಗೆ ಹೋದಾಗ ಅಲ್ಲಿಯವರು ಅವರನ್ನು ಶಾಮಶಾಸ್ತ್ರಿಗಳ ಮೈಸೂರಿನವರೇ ಎಂದು ವಿಚಾರಿಸಿದರೆಂಬ ಐತಿಹ್ಯ ಕನ್ನಡದಲ್ಲಿ ಬಹಳ ಪ್ರಚಲಿತ. ಪದಸೂಚಿಯ ಬಗ್ಗೆ ಅಂಥ ಐತಿಹ್ಯ ಯಾವುದೂ ಹುಟ್ಟಲಿಲ್ಲ.

1918ರಲ್ಲಿ ಅವರು ಕ್ಯುರೇಟರ್ ಆಗಿ ಮೈಸೂರಿಗೆ ಮರಳಿದರು. 1922ರಲ್ಲಿ ಆರ್. ನರಸಿಂಹಾಚಾರ್ಯರು ನಿವೃತ್ತರಾದ ಬಳಿಕ ಮೈಸೂರು ಸಂಸ್ಥಾನದ ಪುರಾತತ್ತ್ವ ಸಂಶೋಧನೆಯ ನಿರ್ದೇಶಕರಾಗಿ 1929ರವರೆಗೆ ಕಾರ್ಯನಿರ್ವಹಿಸಿದರು. ಮಾನಗಳ ದೃಷ್ಟಿಯಿಂದ ಇದು ಮತ್ತೊಂದು ಲೋಕ. ಕನ್ನಡ ಶಾಸನಗಳ ದಾನಭಾಗವೆಂದರೆ ಮತ್ತರು, ಕಮ್ಮ, ಖಂಡುಗ, ಕೊಳಗ, ಗದ್ಯಾಣ, ಪಣ, ಹಾಗ, ವೀಸಗಳ ಲೆಕ್ಕ. ಭೂಮಿಯನ್ನು ಅಳೆದ ಗಳೆಯ ಹೆಸರನ್ನೂ ಶಾಸನ ಹೇಳುತ್ತದೆ. ಬಳ್ಳಿಗಾವೆಯ ಕಡೆಯ ಭೇರುಂಡಗಳೆ ಪ್ರಸಿದ್ಧ. ಗಳೆಯ ಹೆಸರನ್ನು ಕಲ್ಲಿನಲ್ಲಿ ಬರೆಯಿಸಬೇಕಾಗಿ ಬಂದದ್ದು ಏಕೆಂಬುದು ನಾಲ್ಕು ದ್ರೋಣಗಳ ಅಧ್ಯಾಯವನ್ನು ಓದಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅರ್ಥಶಾಸ್ತ್ರ ಅರಮನೆಯ ಕಡೆಯಿಂದ ಬರೆದದ್ದು. ಶಾಸನದ ಮಾನವಾಕ್ಯ ದಾನ ಪಡೆದವನ ರಕ್ಷಣೆಗಾಗಿ ಬರೆದದ್ದು. ಇದೇ ಅವಧಿಯಲ್ಲಿ ಅವರು ಕನ್ನಡ ಕಾವ್ಯಗಳ ಸಂಪಾದನೆಯಲ್ಲಿಯೂ ತೊಡಗಿದ್ದರು. ನಯಸೇನನ ಧರ್ಮಾಮೃತ, ಗೋವಿಂದವೈದ್ಯನ ಕಂಠೀರವ ನರಸರಾಜವಿಜಯಗಳು ಅವರ ಸಂಪಾದಕತ್ವದಲ್ಲಿ ಅಚ್ಚಾದವು.

ಕಾಲಮಾನದ ವಿಷಯಕ್ಕೆ ಬಂದರೆ ಶಾಮಶಾಸ್ತ್ರಿಗಳ ಧೈರ್ಯವೂ ಅತಿಯೂ ಒಟ್ಟಿಗೇ ಕಾಣಿಸುತ್ತವೆ. 1908ರ ಗವಾಮಯನ ಎಂಬ ಗ್ರಂಥದಲ್ಲಿ ಅವರು ವೈದಿಕ ಸತ್ರದ ಗೋವುಗಳನ್ನು ಪಂಚಾಂಗಕ್ಕೆ ಸೇರಿಸುವ ಅಧಿಕದಿನಗಳೆಂದು ಅರ್ಥೈಸಿ, ಅವುಗಳ ಎಣಿಕೆಯಿಂದ ಒಂದು ವೈದಿಕ ಶಕೆಯನ್ನೇ ಕಟ್ಟಿದರು. ಮುಂದೆ 1938ರಲ್ಲಿ ದ್ರಪ್ಸ ಎಂಬ ಗ್ರಂಥದಲ್ಲಿ ವೇದಗಳಲ್ಲಿ ಗ್ರಹಣಚಕ್ರವನ್ನು ಹುಡುಕಿದರು. ಒಂದೇ ಕೀಲಿಕೈಯಿಂದ ಎಲ್ಲ ಮಂತ್ರಗಳನ್ನೂ ತೆರೆಯುವ ಈ ವಿಧಾನವನ್ನು ವೈದಿಕ ಅಧ್ಯಯನದ ಮುಖ್ಯಧಾರೆ ಸ್ವೀಕರಿಸಲಿಲ್ಲ. ಅರ್ಥಶಾಸ್ತ್ರದಲ್ಲಿ ಓಲೆಗರಿ ಅವರನ್ನು ಹಿಡಿದು ನಿಲ್ಲಿಸಿತ್ತು. ಇಲ್ಲಿ ಹಿಡಿದು ನಿಲ್ಲಿಸುವಂಥದು ಏನೂ ಇರಲಿಲ್ಲ.

ಇವೆರಡರ ನಡುವೆ, 1936ರಲ್ಲಿ, ಅವರು ವೇದಾಂಗಜ್ಯೋತಿಷವನ್ನು ಇಂಗ್ಲಿಷ್ ಅನುವಾದ ಮತ್ತು ಸಂಸ್ಕೃತ ವ್ಯಾಖ್ಯಾನಗಳೊಡನೆ ಸಂಪಾದಿಸಿದರು. ಇದು ಅರ್ಥಶಾಸ್ತ್ರದ 20ನೆಯ ಅಧ್ಯಾಯದ ಜೊತೆಗಿಟ್ಟು ಓದಬೇಕಾದ ಗ್ರಂಥ. ಎರಡರಲ್ಲಿಯೂ ಹಗಲು ರಾತ್ರಿಗಳು ಸಮವಾದಾಗ ಹದಿನೈದು ಮುಹೂರ್ತ. ಒಂದು ಅಯನದಲ್ಲಿ ಹಗಲು ಹನ್ನೆರಡರಿಂದ ಹದಿನೆಂಟು ಮುಹೂರ್ತಕ್ಕೆ ಬೆಳೆಯುತ್ತದೆ. ಹದಿನೆಂಟು ಮುಹೂರ್ತವೆಂದರೆ 14 ಗಂಟೆ 24 ನಿಮಿಷ. ಮೈಸೂರಿನ ಅತ್ಯಂತ ದೀರ್ಘವಾದ ಹಗಲು ಸುಮಾರು 13 ಗಂಟೆ ಮಾತ್ರ; ಈ ಲೆಕ್ಕ ದೂರದ ಉತ್ತರದ ಆಕಾಶಕ್ಕೆ ಸೇರಿದ್ದು. ಕಾಲವನ್ನು ಅಳೆಯುವುದು ನೀರಿನಿಂದ. ಕೌಟಿಲ್ಯ ನಾಲ್ಕು ಸುವರ್ಣಮಾಷಕ ತೂಕದ ಚಿನ್ನವನ್ನು ನಾಲ್ಕು ಅಂಗುಲ ಉದ್ದಕ್ಕೆ ಎಳೆದು, ಅದರ ದಪ್ಪದ ರಂಧ್ರದಿಂದ ಒಂದು ಆಢಕ ನೀರು ಹರಿಯುವ ಹೊತ್ತನ್ನು ನಾಲಿಕಾ ಎನ್ನುತ್ತಾನೆ. ತೂಕ, ಉದ್ದ, ಗಾತ್ರ, ಕಾಲ ನಾಲ್ಕೂ ಒಂದೇ ವಾಕ್ಯದಲ್ಲಿ ಗಂಟುಬಿದ್ದಿವೆ. ಗುಲಗಂಜಿಯ ತೂಕ ಬದಲಾದರೆ ಗಳಿಗೆಯೂ ಬದಲಾಗುತ್ತದೆ.

ವೇದಾಂಗಜ್ಯೋತಿಷದ ಲೆಕ್ಕ ಬೇರೆ ಬಗೆಯದು. ಅಲ್ಲಿ 50 ಪಲ ನೀರಿಗೆ ಒಂದು ಆಢಕ, ನಾಲ್ಕು ಆಢಕಕ್ಕೆ ಒಂದು ದ್ರೋಣ, ದ್ರೋಣದಲ್ಲಿ ಮೂರು ಕುಡವ ಕಳೆದರೆ ನಾಡಿಕೆಯ ನೀರು. ದ್ರೋಣಕ್ಕೆ 64 ಕುಡವ, ಆದ್ದರಿಂದ ನಾಡಿಕೆಗೆ 61 ಕುಡವ, ಅಂದರೆ 15¼ ಪ್ರಸ್ಥ. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂದಿತೆಂಬುದು ಅದೇ ಗ್ರಂಥದಿಂದ ಹೊರಡುತ್ತದೆ. ಹಗಲು ದಿನಕ್ಕೆ ಒಂದು ಪ್ರಸ್ಥ ನೀರಿನಷ್ಟು ಬೆಳೆಯುತ್ತದೆ. ಅಯನದ 183 ದಿನಗಳಲ್ಲಿ 183 ಪ್ರಸ್ಥ. ಆ ಬೆಳವಣಿಗೆ ಆರು ಮುಹೂರ್ತ, ಅಂದರೆ ಹನ್ನೆರಡು ನಾಡಿಕೆ. 183ನ್ನು 12ರಿಂದ ಭಾಗಿಸಿದರೆ 15¼. ದಿನದ ಬೆಳವಣಿಗೆ ಪೂರ್ಣಸಂಖ್ಯೆಯಾಗುವಂತೆ ಪಾತ್ರೆಯನ್ನೇ ನಿಗದಿಮಾಡಲಾಗಿದೆ. ಕೌಟಿಲ್ಯನ ರಾಜಾದಾಯದ ದ್ರೋಣ 200 ಪಲವಾದ್ದರಿಂದ ಅವನ ಆಢಕವೂ 50 ಪಲವೇ, ಒಂದೆಡೆ ನೀರು, ಇನ್ನೊಂದೆಡೆ ಉದ್ದು ಎಂಬ ಭೇದದೊಡನೆ. ಹೀಗಿದ್ದೂ ಅವನ ನಾಲಿಕೆಗೆ ಒಂದು ಆಢಕ, ಅಂದರೆ 16 ಕುಡವ ಮಾತ್ರ. ವೇದಾಂಗಜ್ಯೋತಿಷದ ನಾಡಿಕೆಗೆ ಅದರ ಸುಮಾರು ನಾಲ್ಕು ಪಟ್ಟು. ದಿನಕ್ಕೆ ಅರವತ್ತು ನಾಡಿಕೆಗಳೆಂಬುದು ಸ್ಥಿರವಾಗಿರುವುದರಿಂದ ಬದಲಾಗಿರುವುದು ಪಾತ್ರೆ ಮತ್ತು ರಂಧ್ರ, ಕಾಲವಲ್ಲ.

ಮಹಾಮಹೋಪಾಧ್ಯಾಯ, ಅರ್ಥಶಾಸ್ತ್ರವಿಶಾರದ ಮೊದಲಾದ ಬಿರುದುಗಳೂ, ಕಲ್ಕತ್ತಾ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟೂ, ರಾಯಲ್ ಏಷ್ಯಾಟಿಕ್ ಸೊಸೈಟಿಯ ಕ್ಯಾಂಪ್‌ಬೆಲ್ ಸ್ಮಾರಕ ಪದಕವೂ ಅವರಿಗೆ ಸಂದವು. ಕಲ್ಕತ್ತೆಯಲ್ಲಿ ತಮಗೆ ಆಶ್ರಯದಂತಿದ್ದ ಆಶುತೋಷ್ ಮುಖರ್ಜಿ ಅವರ ಹೆಸರನ್ನು ಮೈಸೂರಿನ ತಮ್ಮ ಮನೆಗೆ ಇಟ್ಟುಕೊಂಡಿದ್ದರು. 1940ರಲ್ಲಿ ಗ್ರಹಣಗಳನ್ನು ಕುರಿತ ಮತ್ತೊಂದು ಗ್ರಂಥ ಪ್ರಕಟವಾಯಿತು. 1944ರಲ್ಲಿ ಅವರು ತೀರಿಕೊಂಡರು. ಅದಕ್ಕೆ ಸ್ವಲ್ಪ ಮೊದಲು, 1943ರಲ್ಲಿ, ಓರಿಯಂಟಲ್ ಲೈಬ್ರರಿ ಪ್ರಾಚ್ಯವಿದ್ಯಾ ಸಂಶೋಧನಾಲಯ ಎಂಬ ಹೆಸರನ್ನು ಪಡೆದಿತ್ತು. ತಂಜಾವೂರಿನ ಪಂಡಿತರು ಕೊಟ್ಟ ಗ್ರಂಥಲಿಪಿಯ ಓಲೆಗರಿಗಳು ಅಲ್ಲಿಯೇ ಇವೆ.